ಗೋಡೆಯಾಚೆಯ ಏಳು ಮೇಜು

ಬೆಳಗಿನ ಐದೂವರೆ. ಊರಿನ ಅತಿ ದುಬಾರಿ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಐವತ್ತೆಂಟರ ಹೆಂಗಸೊಬ್ಬರು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, ಸಣ್ಣ ಉರಿಯಲ್ಲಿ ಕುದಿಯುತ್ತಿರುವ ಈರುಳ್ಳಿ ಸೂಪಿನ ಹಂಡೆಯ ಮುಚ್ಚಳ ತೆಗೆಯುತ್ತಾರೆ. ಮೊದಲ ಸೌಟು ಒಂದು ಬಟ್ಟಲಿಗೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದ ಪುಟ್ಟ ಕೋಣೆಗೆ ನಡೆದು, ಮೂಲೆಯ ಮೇಜಿನ ಮೇಲಿಟ್ಟು, ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆಳೆಯುತ್ತಾರೆ. ಕೋಣೆಯಲ್ಲಿ ಯಾರೂ ಇಲ್ಲ.

“ಬಿಸಿ ಇದೆ, ನಿಧಾನ” ಎಂದು ಹೇಳಿ ಹಿಂದಿರುಗುತ್ತಾರೆ.

ಇವರನ್ನು ಎಲ್ಲರೂ ಸೂಪಕ್ಕ ಎನ್ನುತ್ತಾರೆ. ದಿನಕ್ಕೆ ಮೂವತ್ತು ಕಿಲೋ ಈರುಳ್ಳಿ, ಎರಡು ಹಂಡೆ ಸೂಪು. ಈ ಅಡುಗೆಮನೆಗೆ ಬಂದು ಇಪ್ಪತ್ತೇಳು ವರ್ಷ. ರೆಸ್ಟೋರೆಂಟಿನ ಮುಂಬಾಗಿಲಲ್ಲಿ ತೂಗುಹಾಕಿರುವ ಫೋಟೋ ಮಾತ್ರ ದೊಡ್ಡ ಬಾಣಸಿಗರದು. ಅದೇ ಹಂಡೆಯ ಸೂಪು ಮುಂದಿನ ಹಾಲಿನಲ್ಲಿ ಚಿನ್ನದಂಚಿನ ಕಪ್ಪಿನೊಳಗೆ ನಾಲ್ಕು ಗುಟುಕಾಗಿ ಬಡಿಸಲ್ಪಡುತ್ತದೆ. ಹಿಂದಿನ ಓಣಿಗೆ ಬಾಗಿಲು ತೆರೆಯುವ ಈ ಏಳು ಮೇಜಿನ ಕೋಣೆಯಲ್ಲಿ ದಪ್ಪ ಬಟ್ಟಲಿನ ತುಂಬ, ಬ್ರೆಡ್ಡಿನ ಜೊತೆ ಸಿಗುತ್ತದೆ. ಅಲ್ಲಿ ಒಬ್ಬರು ಉಣ್ಣುವ ದುಡ್ಡಿನಲ್ಲಿ ಇಲ್ಲಿ ಹನ್ನೆರಡು ಜನ ಹೊಟ್ಟೆ ತುಂಬಿಸಿಕೊಳ್ಳಬಹುದು. ಪಕ್ಕದ ಬೀದಿಯಲ್ಲಿ ವರ್ಷಗಟ್ಟಲೆ ಓಡಾಡಿದವರಿಗೂ ಈ ಜಾಗ ಗೊತ್ತಿರುವುದಿಲ್ಲ. ಎಂಟು ವರ್ಷದ ಹಿಂದಿನವರೆಗೆ ರೆಸ್ಟೋರೆಂಟಿನಲ್ಲಿ ಕೆಲಸ ಮಾಡುವವರಿಗೇ ಗೊತ್ತಿರಲಿಲ್ಲ. ಪತ್ತೆ ಹಚ್ಚಿದ್ದು ಸೂಪಕ್ಕ.

ಗಾರೆ ಕೆಲಸದ ಗಂಡ ಕಟ್ಟಡಕ್ಕೆ ಕಟ್ಟಿದ್ದ ಸಾರುವೆ ಮರಗಳ ಮೇಲಿಂದ ಬಿದ್ದು ತೀರಿಕೊಂಡಾಗ ಸೂಪಕ್ಕನಿಗೆ ಮೂವತ್ತೊಂದು. ಕಂಕುಳಲ್ಲಿ ನಾಲ್ಕು ವರ್ಷದ ಮಗಳು. ಪಾತ್ರೆ ತೊಳೆಯಲು ಸೇರಿದವರು ಕ್ರಮೇಣ ತರಕಾರಿಗೆ, ಆಮೇಲೆ ಹಂಡೆಗೆ ಬಂದರು. ಹಂಡೆಗೆ ಬಂದ ಮೊದಲ ವಾರವೇ ಆ ಸದ್ದು ಕಿವಿಗೆ ಬಿತ್ತು. ಬಾಣಲೆಗಳ ಕಪಾಟಿನ ಹಿಂದಿನಿಂದ, ಬೆಳಗಿನ ಐದೂವರೆಗೆ, ಚಮಚದಲ್ಲಿ ಬಟ್ಟಲಿನ ಅಂಚು ಬಡಿದಂತೆ ಮೂರು ಸಲ. ಊಟಕ್ಕೆ ಕಾದು ಕೂತವರು ಬಡಿಯುವಂತೆ.

ನಲ್ಲಿ ರಿಪೇರಿಯವನು ನೀರಿನ ಪೈಪೆಂದ. ದೊಡ್ಡ ಬಾಣಸಿಗರು “ಪೈಪಲ್ಲಿ ಅಲ್ಲ, ನಿನ್ನ ತಲೇಲಿ ನೀರು ಹರೀತಿದೆ” ಎಂದು ಎಲ್ಲರನ್ನೂ ನಗಿಸಿದರು. ಅಷ್ಟರಲ್ಲಿ ಬೆಳೆದಿದ್ದ ಮಗಳು ಮಾತ್ರ ಮನೆಯಲ್ಲಿ ಇದನ್ನು ಕೇಳಿ ನಗಲಿಲ್ಲ. “ಅಮ್ಮಾ, ಇಲ್ಲದ್ದೆಲ್ಲ ಹೇಳಿ ಅನ್ನಕ್ಕೆ ಕಲ್ಲು ಹಾಕ್ಕೋಬೇಡ” ಎಂದಳು. ಸೂಪಕ್ಕ ಬಾಯಿ ಹೊಲಿದುಕೊಂಡರು. ಸದ್ದು ನಿಲ್ಲಲಿಲ್ಲ.

ಸುಣ್ಣ ಬಳಿಸಲು ಕಪಾಟು ಸರಿಸಿದ ದಿನ, ಅವರು ತಡೆಯಲಾರದೆ ಸೌಟಿನಿಂದ ಗೋಡೆಯನ್ನು ಉದ್ದಕ್ಕೂ ಬಡಿದು ನೋಡಿದರು. “ಗಾರೆಯವನ ಹೆಂಡತಿಗೆ ಗೋಡೆ ಗೊತ್ತಾಗಲ್ವಾ? ಒಂದು ಕಡೆ ಗಟ್ಟಿ, ಒಂದು ಕಡೆ ಪೊಳ್ಳು. ಪೊಳ್ಳು ಜಾಗಕ್ಕೆ ಎರಡು ಸಲ ಬಡಿದೆ. ಆ ಕಡೆಯಿಂದ ಮೂರು ಸಲ ಬಂತು. ಸುಣ್ಣ ಬಳಿಯೋನು ಏಣಿ ಬಿಟ್ಟು ಓಡಿದ. ಈಗಲೂ ಈ ಬೀದಿಗೆ ಬರಲ್ಲ.”

ಮಾಲೀಕರು ಇಟ್ಟಿಗೆ ತೆಗೆಸಿದರು. ತೂತಿನಿಂದ ಮೊದಲು ಬಂದದ್ದು ಧೂಳಲ್ಲ, ಘಮ. ಬೆಣ್ಣೆಯಲ್ಲಿ ಈರುಳ್ಳಿ ಆಗಷ್ಟೇ ಕೆಂಪಗಾಗುತ್ತಿರುವ ಘಮ. ಒಳಗೆ ಏಳು ಮೇಜು, ಬೆಲೆ ಬರೆದ ಕರಿಹಲಗೆ, ಒಲೆಯಿಲ್ಲ, ಕಿಟಕಿಯಿಲ್ಲ. ಆರು ಮೇಜಿನ ಮೇಲೆ ಬೆರಳು ದಪ್ಪ ಧೂಳು. ಮೂಲೆಯ ಏಳನೆಯದು ಈಗಷ್ಟೇ ಒರೆಸಿಟ್ಟಂತೆ ಫಳಫಳ. ಅದರ ಮೇಲೆ ಒಂದು ಖಾಲಿ ಬಟ್ಟಲು, ಒಂದು ಚಮಚ.

ಮಾಲೀಕರ ತಾಯಿ, ಎಂಬತ್ತು ದಾಟಿದ ಹಿರಿಯಮ್ಮ, ಕೋಲೂರಿಕೊಂಡು ಬಂದು ನೋಡಿದ ಕೂಡಲೇ ಆ ಬಟ್ಟಲಿನ ಗುರುತು ಹಿಡಿದರು. ಆ ಕೋಣೆ ಅವರ ಅಕ್ಕ ನಡೆಸುತ್ತಿದ್ದ ಊಟದ ಮನೆ. ಕೂಲಿಯವರು, ಗಾಡಿಯವರು ಬೆಳಗಾಗುವ ಮೊದಲೇ ಬಂದು ಉಣ್ಣುತ್ತಿದ್ದರು. ಮುಂಭಾಗದಲ್ಲಿ ದೊಡ್ಡ ರೆಸ್ಟೋರೆಂಟು ಬಂದಾಗ, ಕೊಳಕು ಬಟ್ಟೆಯವರ ಸಾಲು ಕಂಡರೆ ದೊಡ್ಡವರು ಬರುವುದಿಲ್ಲವೆಂದು ಮೂರೇ ದಿನದಲ್ಲಿ ಗೋಡೆ ಎದ್ದಿತು. ಅಕ್ಕ ಅಂದಿನಿಂದ ಸರಿಯಾಗಿ ಒಂದು ತುತ್ತು ಉಣ್ಣಲಿಲ್ಲ. ವರ್ಷ ತುಂಬುವ ಮೊದಲೇ ಹೋದರು.

“ಗೋಡೆ ಕಟ್ಸಿದ್ದು ನಾನೇ ಕಣೇ” ಎಂದರಂತೆ ಹಿರಿಯಮ್ಮ, ಸೂಪಕ್ಕನ ಕೈ ಹಿಡಿದು. “ಮನೆ ಗಂಡಸರ ಮೇಲೆ ಹಾಕಿ ಇಷ್ಟು ದಿನ ತಪ್ಪಿಸಿಕೊಂಡೆ.”

ಮಗ ಮರ್ಯಾದೆಯ ಮಾತೆತ್ತಿದರೂ ತಾಯಿ ಜಗ್ಗಲಿಲ್ಲ. ಓಣಿಯ ಕಡೆ ಗೋಡೆ ಒಡೆಸಿ ಬಾಗಿಲು ಇಡಿಸಿ, ಕೋಣೆಯನ್ನು ಸೂಪಕ್ಕನಿಗೆ ಒಪ್ಪಿಸಿದರು. ಈಗ ದಿನಕ್ಕೆ ನೂರಾನಲವತ್ತು ಬಟ್ಟಲು. ಪಾಳಿ ಮುಗಿಸಿದ ನರ್ಸುಗಳು, ಬಸ್ಸಿನವರು, ಗುಡಿಸುವವರು ಬರುತ್ತಾರೆ. ಮೂಲೆಯ ಮೇಜಿಗೆ ಮಾತ್ರ ಯಾರೂ ಹೋಗುವುದಿಲ್ಲ. ಗೊತ್ತಿಲ್ಲದೆ ಒಮ್ಮೆ ಕೂತಿದ್ದ ಬಸ್ ಡ್ರೈವರ್ ಒಬ್ಬರು ಹೇಳುತ್ತಾರೆ: “ಎಲ್ಲರ ಬಟ್ಟಲಲ್ಲೂ ಹಬೆ. ನನ್ನದು ಮಂಜುಗಡ್ಡೆ. ಕ್ಷಮಿಸಿ ಅಂತ ಎದ್ದೆ. ಯಾರಿಗೆ ಹೇಳಿದೆನೋ, ಬಾಯಿಗೆ ಬಂತು.”

ಮೊದಲ ಬಟ್ಟಲು ಇಟ್ಟ ದಿನವೇ ಸದ್ದು ನಿಂತಿತು. ಆಮೇಲೆ ಕೇಳಿದ್ದು ಒಂದೇ ಸಲ. “ಜ್ವರ ಅಂತ ರಜಾ ಹಾಕಿ ಮಲಗಿದ್ದೆ. ಐದೂವರೆಗೆ ಟಿಣ್ ಟಿಣ್ ಟಿಣ್. ಇಲ್ಲಿ ಅಲ್ಲ, ನಮ್ಮ ಮನೆ ಅಡುಗೆಮನೇಲಿ. ಕಂಬಳಿ ಹೊದ್ಕೊಂಡೇ ಕೆಲಸಕ್ಕೆ ಓಡಿ ಬಂದೆ” ಎಂದು ನಗುತ್ತಾರೆ. ಭಯವಾಗುವುದಿಲ್ಲವೇ ಎಂದರೆ ಹೆಚ್ಚಲು ಇನ್ನೊಂದು ಈರುಳ್ಳಿ ಎತ್ತಿಕೊಳ್ಳುತ್ತಾರೆ. “ಹಸಿದೋರನ್ನ ಕಂಡು ಯಾಕೆ ಹೆದರಬೇಕು? ಹೊಟ್ಟೆ ತುಂಬಿದ್ಮೇಲೂ ಇನ್ನೂ ಬೇಕು ಅನ್ನೋರಿಗೆ ಹೆದರಬೇಕು.”

ಹಿರಿಯಮ್ಮ ವಾರಕ್ಕೊಮ್ಮೆ ಬಂದು, ಮೂಲೆಗೆ ಬೆನ್ನು ಹಾಕಿ ಸೂಪು ಕುಡಿದು ಹೋಗುತ್ತಿದ್ದರು. ಕಳೆದ ವರ್ಷ ಒಂದು ಬೆಳಗ್ಗೆ ನೇರ ಮೂಲೆಗೇ ಹೋಗಿ, ಎಳೆದಿಟ್ಟ ಕುರ್ಚಿಯ ಎದುರು ಕೂತರು. ಅರ್ಧ ಗಂಟೆ ತುಟಿ ಆಡುತ್ತಿತ್ತು. ಒಮ್ಮೆ ಅತ್ತರು, ಕೊನೆಗೆ ಜೋರಾಗಿ ನಕ್ಕರು. ಏಳುವಾಗ ಸೂಪಕ್ಕ ಮೆಲ್ಲಗೆ ಕೇಳಿದರು, “ಏನಂದ್ರು ಅಮ್ಮಾ?”

“ಬೈತಾಳೆ ಅಂದ್ಕೊಂಡಿದ್ದೆ. ಇವತ್ತು ಉಪ್ಪು ಕಮ್ಮಿ ಅಂದ್ಲು.”

ಸೂಪಕ್ಕ ಹಂಡೆಯ ಬಳಿ ಓಡಿ ರುಚಿ ನೋಡಿದರು. ಅಂದು ಉಪ್ಪು ಹಾಕುವುದನ್ನೇ ಮರೆತಿದ್ದರು.

ಹತ್ತು ದಿನದ ನಂತರ ಹಿರಿಯಮ್ಮ ತೀರಿಕೊಂಡರು. ಈಗ ಮಾಲೀಕರಿಗೆ ಆ ಜಾಗ ವೈನ್ ಬಾಟಲಿ ಇಡುವುದಕ್ಕೆ ಬೇಕು. ಅಳತೆ ಹಿಡಿಯಲು ಬಂದ ಇಬ್ಬರು ಮೂಲೆಯವರೆಗೂ ಹೋಗಿ, ಟೇಪು ಬಿಟ್ಟು ಹೊರಟುಹೋದರು. ಕೆಲಸ ಸದ್ಯಕ್ಕೆ ನಿಂತಿದೆ. ಆ ಟೇಪನ್ನು ಸೂಪಕ್ಕ ಸುತ್ತಿ, ಕೇಳಿಕೊಂಡು ಬಂದರೆ ಕೊಡಲೆಂದು ಡ್ರಾಯರಿನಲ್ಲಿಟ್ಟಿದ್ದಾರೆ.

ಏನಾದರೂ ಆಸೆ ಇದೆಯೇ ಎಂದರೆ ಸೌಟು ಒರೆಸುತ್ತ ಹೇಳುತ್ತಾರೆ: “ನನ್ನ ಫೋಟೋ ಬೇಡ, ಬೋರ್ಡೂ ಬೇಡ. ನಾನಿಲ್ಲದಾಗಲೂ ಈ ಬಾಗಿಲು ತೆಗೆದಿರಲಿ, ಅಷ್ಟೇ. ಹೊರಗಿರೋರು ಹೇಗೋ ಬೇರೆ ಕಡೆ ಉಣ್ತಾರೆ. ಒಳಗಿರೋರು ಎಲ್ಲಿಗೆ ಹೋಗ್ತಾರೆ?”