ಸುಜಾತಳ ಲೋಟ

ತೆಲಿಗಿ ಎಂಬ ಊರು ದಾಟಿ ಹೋಗಬೇಕಾದ ಒಂದು ಹಳ್ಳಿಯಲ್ಲಿ ನಾನು ಆಗಷ್ಟೇ ಅಂಗನವಾಡಿ ಟೀಚರ್ ಆಗಿದ್ದೆ. ಎಣಿಸುವುದಕ್ಕಿಂತ ಮೊದಲು ಮಕ್ಕಳಿಗೆ ವಿಂಗಡಿಸುವುದನ್ನು ಕಲಿಸಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ವಿಂಗಡಿಸುವುದು ಎಂದರೆ ಒಂದೇ ತರಹದವನ್ನು ಒಂದು ಕಡೆ ಇಡುವುದು, ಅಷ್ಟೇ. ಆಟದ ಸಾಮಾನು ಇನ್ನೂ ಬಂದಿರಲಿಲ್ಲ. ಹಾಗಾಗಿ ನೀರು ಕುಡಿಯಲು ಮಕ್ಕಳು ಮನೆಯಿಂದ ತರುತ್ತಿದ್ದ ಸ್ಟೀಲ್ ಲೋಟಗಳನ್ನೇ ನೆಲದ ಮೇಲೆ ಹರಡಿದೆ.

“ದೊಡ್ಡವು ಈ ಕಡೆ, ಸಣ್ಣವು ಆ ಕಡೆ ಇಡ್ರಿ” ಎಂದೆ.

ಗೌಡರ ಮನೆಯ ಪುಟ್ಟ ಗೌರಿ ಚಕಚಕನೆ ಜೋಡಿಸಿದಳು. ಒಂದು ಲೋಟವನ್ನು ಮಾತ್ರ ಕಾಲಿನಿಂದ ಹೊಸ್ತಿಲ ಕಡೆಗೆ ತಳ್ಳಿದಳು.

“ಅದೂ ಸಣ್ಣದೇ ಅಲ್ಲೇನವ್ವಾ?”

“ಸಣ್ಣದೇ ಐತ್ರಿ ಟೀಚರ್. ಆದ್ರ ಅದು ಸುಜಾತಂದು. ನಮ್ಮವುಕ್ಕ ತಾಗಬಾರದ್ರಿ.”

ಸುಜಾತ ದಲಿತರ ಕೇರಿಯ ಹುಡುಗಿ. ಅವಳು ಅಳಲಿಲ್ಲ. ತಾನೇ ಎದ್ದು ಲೋಟವನ್ನು ಇನ್ನಷ್ಟು ಆಚೆ ಸರಿಸಿದಳು. ನಾನು ಅದನ್ನು ತಂದು ಸಣ್ಣವುಗಳ ನಡುವೆ ಇಟ್ಟೆ.

ಮರುದಿನ ಸುಜಾತ ಬರಿಗೈಯಲ್ಲಿ ಬಂದಳು. ಅವಳ ಅವ್ವ ಬಾಗಿಲ ಹೊರಗೇ ನಿಂತು, “ಗೌಡರ ಮನಿಯವ್ರು ಬಂದು ಬೈದು ಹೋಗ್ಯಾರ್ರಿ. ನಿಮಗ ಪಾಠ ಆತು, ನಮಗ ಜಗಳ ಆತು. ಇನ್ನ ಮ್ಯಾಲೆ ಇಕಿ ಮನಿಯಾಗ ನೀರು ಕುಡಿದೇ ಬರ್ತಾಳ್ರಿ” ಎಂದಳು.

ಮುಂದಿನ ವಾರ ಮೇಲ್ವಿಚಾರಕಿ ಬಂದಾಗ ಮಕ್ಕಳು ಲೋಟಗಳನ್ನು ತಪ್ಪಿಲ್ಲದೆ ಎರಡೇ ಗುಂಪು ಮಾಡಿದವು. ಹೊಸ್ತಿಲ ಕಡೆಗೆ ತಳ್ಳಲು ಲೋಟವೇ ಇರಲಿಲ್ಲ.

“ಭಾಳ ಚಲೋ ಕಲಿಸೀರಿ” ಎಂದು ಅವರು ನನ್ನ ಬೆನ್ನು ತಟ್ಟಿದರು.