ನಾನು ಹಾಕದ ಸಹಿ

ಮೂಡುಬಿದಿರೆಯ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣ ಕಲಿಸುತ್ತಿದ್ದೆ. ಚಿಯರ್‌ಲೀಡಿಂಗ್ ತಂಡ ಕಟ್ಟುತ್ತೇನೆ ಎಂದಾಗ ಸಹೋದ್ಯೋಗಿಗಳು ಕ್ರಿಕೆಟ್ ಮೈದಾನದ ಅಂಚಿನಲ್ಲಿ ಕುಣಿಯುವವರನ್ನು ನೆನೆದು ನಕ್ಕರು. ಇದು ಬೇರೆಯೇ ಆಟ. ಕೆಳಗೆ ನಿಂತವರು ಒಬ್ಬಳನ್ನು ಅಂಗೈಗಳ ಮೇಲೆ ಎತ್ತಿ, ಮೇಲಕ್ಕೆ ಎಸೆದು, ಮತ್ತೆ ಹಿಡಿಯಬೇಕು. ಒಂದು ಕೈ ತಪ್ಪಿದರೂ ಮೂಳೆ ಮುರಿಯುತ್ತದೆ.

ನಮ್ಮಲ್ಲಿ ಮೇಲೇರುತ್ತಿದ್ದವಳು ಶಿರ್ತಾಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಮೆಲುಮಾತಿನವಳು. ಪ್ರತಿ ಸಲವೂ ಕೆಳಗಿನವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದು, ಅವರು "ಇದ್ದೇನೆ" ಎಂದ ಮೇಲೆಯೇ ಕಾಲಿಡುತ್ತಿದ್ದಳು.

ಅವಳ ತಂದೆ ಗಲ್ಫಿನ ದೇಶವೊಂದರ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಹತ್ತನೆಯ ತರಗತಿಯವರೆಗೆ ಅವಳು ಓದಿದ್ದೂ ಅಲ್ಲೇ. ಅವಳು ನಮ್ಮಲ್ಲಿ ಆಡುತ್ತಿದ್ದಾಗ ಆ ದೇಶದಲ್ಲಿ ಮೊದಲ ಬಾರಿಗೆ ಒಂದು ಚಿಯರ್‌ಲೀಡಿಂಗ್ ತಂಡ ಹುಟ್ಟಿಕೊಂಡಿತು. ಬೇರೆ ತಂಡವೇ ಇಲ್ಲದ್ದರಿಂದ ಆಯ್ಕೆ ಸ್ಪರ್ಧೆಯೂ ಇರಲಿಲ್ಲ, ನೇರವಾಗಿ ಈ ಆಟದ ವಿಶ್ವಕೂಟಕ್ಕೆ. ಅಲ್ಲಿನ ಶಾಲೆಯಲ್ಲಿ ಅವಳಿಗೆ ಜಿಮ್ನಾಸ್ಟಿಕ್ಸ್ ಕಲಿಸಿದ್ದ ಕೋಚ್ ಅವಳನ್ನು ಆ ತಂಡಕ್ಕೆ ಕರೆದರು. ಅವಳ ಬಳಿ ಅಲ್ಲಿನ ವಾಸದ ಪರವಾನಗಿ ಇದ್ದುದರಿಂದ ನಿಯಮದ ಅಡ್ಡಿಯಿರಲಿಲ್ಲ. ಇಲ್ಲಿಯ ಕೋಚ್ ಆಗಿ ನಾನು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಿತ್ತು, ಅಷ್ಟೆ.

ಅವಳ ತಾಯಿ ಪತ್ರ ಹಿಡಿದು ಮೈದಾನಕ್ಕೇ ಬಂದರು.

"ಇದು ಆಗ್ತದಾ ಮೇಡಂ? ನಮಗೆ ಇದೆಲ್ಲ ಎಂತ ಗೊತ್ತುಂಟು? ನೀವು ಹೇಳಿದ ಹಾಗೆ ಮಾಡ್ತೇವೆ."

ನಾನು ನಿಯಮ ಓದಿದ್ದೆ. ಆಗುತ್ತದೆಂದು ಗೊತ್ತಿತ್ತು. ಆದರೆ ಅದೇ ಕೂಟಕ್ಕೆ ನಮ್ಮ ದೇಶದ ತಂಡಗಳನ್ನು ಆರಿಸುವ ರಾಷ್ಟ್ರೀಯ ಆಯ್ಕೆಗೆ ಕೆಲವೇ ವಾರಗಳಿದ್ದವು. ಅವಳಿಲ್ಲದೆ ನನ್ನ ತಂಡವಿರಲಿಲ್ಲ.

"ಇಲ್ಲಿ ಆಡುವವರು ಇನ್ನೊಂದು ದೇಶಕ್ಕೆ ಆಡ್ಲಿಕ್ಕೆ ಆಗುದಿಲ್ಲ ಅಮ್ಮ. ಹಾಗೆ ನಿಯಮ ಉಂಟು. ಹೇಗೂ ನಮ್ಮ ತಂಡವೇ ಹೋಗ್ತದಲ್ಲ," ಎಂದೆ.

ಅವರು ತಲೆಯಾಡಿಸಿ ಹೋದರು. ಅವಳಿಗೆ ಬರಲಾಗುವುದಿಲ್ಲವೆಂದು ಆ ಕೋಚಿಗೆ ಬರೆದವಳೂ ನಾನೇ.

ಆಯ್ಕೆಯಲ್ಲಿ ನಾವು ಮೂರನೆಯವರಾದೆವು. ಒಂದು ದೇಶದಿಂದ ಎರಡೇ ತಂಡಕ್ಕೆ ಅವಕಾಶ.

ವಿಶ್ವಕೂಟವನ್ನು ಕಾಲೇಜಿನ ಕಂಪ್ಯೂಟರಿನಲ್ಲಿ ಎಲ್ಲರೂ ಕೂತು ನೋಡಿದೆವು. ಆ ಹೊಸ ತಂಡ ನಡುಗುತ್ತಾ ಆಡಿತು. ಆಯ್ಕೆಯಲ್ಲಿ ನಮಗೆ ಸಿಕ್ಕಿದ್ದಕ್ಕಿಂತ ಕಡಿಮೆ ಅಂಕ ಪಡೆದು, ಧ್ವಜ ಹೊದ್ದುಕೊಂಡು ಅಳುತ್ತಾ ನಕ್ಕಿತು.

"ಇದು ಎಂತ ನ್ಯಾಯ ಮೇಡಂ? ನಮ್ಮ ದೇಶ ದೊಡ್ಡದಾದದ್ದು ನಮ್ಮ ತಪ್ಪಾ?" ಎಂದಳು ತಂಡದ ಒಬ್ಬಳು. ನಾನೂ ದನಿಗೂಡಿಸಿದೆ. ದೇಶವನ್ನಲ್ಲ, ಆಟವನ್ನು ನೋಡಿ ಆರಿಸಬೇಕೆಂದು ಆಯೋಜಕರಿಗೆ ಉದ್ದದ ಪತ್ರ ಬರೆದೆ. ಉತ್ತರ ಬಂತು: ಬರೀ ಅಂಕ ನೋಡಿದರೆ ಒಳ್ಳೆಯ ಕ್ರೀಡಾಂಗಣ, ಒಳ್ಳೆಯ ಕೋಚ್ ಇರುವ ಮೂರ್ನಾಲ್ಕು ದೇಶಗಳೇ ಅಂಕಣ ತುಂಬುತ್ತವೆ. ನಿಮ್ಮ ದೇಶವೂ ಮೊದಲ ಸಲ ಬಂದದ್ದು ಈ ನಿಯಮದಿಂದಲೇ ಎಂದಿತ್ತು. ಅವರ ಮಾತು ಸರಿಯಿತ್ತು. ಮೂರನೆಯವರಾದ ನಮ್ಮ ನೋವೂ ಸುಳ್ಳಾಗಿರಲಿಲ್ಲ.

ಆದರೆ ಶಿರ್ತಾಡಿಯವಳಿಗೆ ಆ ನಿಯಮ ಅನ್ಯಾಯ ಮಾಡಿರಲಿಲ್ಲ. ಅದು ಅವಳಿಗೊಂದು ಬಾಗಿಲು ತೆರೆದಿಟ್ಟಿತ್ತು. ಮುಚ್ಚಿದವಳು ನಾನು. ಅಂದು ಎಲ್ಲರೂ ಸಿಟ್ಟಿನಲ್ಲಿ ಮಾತಾಡುತ್ತಿದ್ದಾಗ ಅವಳೊಬ್ಬಳೇ ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

ಡಿಗ್ರಿ ಮುಗಿಯಿತು, ಅವಳ ಆಟವೂ ನಿಂತಿತು. ಕಳೆದ ವರ್ಷ ಬೆಳ್ತಂಗಡಿಯ ಒಂದು ಶಾಲೆಯ ಕ್ರೀಡಾಕೂಟಕ್ಕೆ ತೀರ್ಪುಗಾರಳಾಗಿ ಹೋದಾಗ ಅವಳೇ ಅಲ್ಲಿ ಟೀಚರ್. ಊಟಕ್ಕೆ ಪಕ್ಕದಲ್ಲೇ ಕೂತಳು. ಇನ್ನೂ ಮುಚ್ಚಿಡುವುದು ಆಗಲಿಲ್ಲ.

"ಆವತ್ತು ನಿಯಮ ಅಡ್ಡ ಇರಲಿಲ್ಲ. ನನ್ನ ಸಹಿ ಸಾಕಿತ್ತು. ನಾನು ನಿನ್ನ ಅಮ್ಮನ ಹತ್ರ ಸುಳ್ಳು ಹೇಳಿದೆ."

ಅವಳ ಕೈ ಅನ್ನದ ಮೇಲೆ ನಿಂತಿತು. ಆಚೆ ಮಕ್ಕಳು ಹಗ್ಗ ಎಳೆಯುತ್ತಿದ್ದರು. ಅವಳು ಕೇಳಿದಳು:

"ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ ಮೇಡಂ? ನಾನು ನಿಮ್ಮನ್ನು ಬಿಟ್ಟು ಹೋಗ್ತಿದ್ದೆನೋ ಇಲ್ಲವೋ."

ಅವಳು ಎದ್ದು ಕೈ ತೊಳೆದು ಬಂದಳು.

"ಅಮ್ಮನಿಗೆ ಇದು ಹೇಳ್ಬೇಡಿ. ಅವರು ಈಗಲೂ ನಿಮ್ಮನ್ನು ಹೊಗಳುದು," ಎಂದು ಮೈದಾನದ ಕಡೆ ನಡೆದಳು.