ಹುಡುಗನ ಅಪ್ಪ ಕೇಳಿದ ಲೆಕ್ಕ

ನಾನು ಹುಟ್ಟಾ ಸಂಶಯದವಳು. ರೇಷನ್ ಅಂಗಡಿಯವನ ತಕ್ಕಡಿಯನ್ನಾಗಲಿ, ಹಾಲಿನ ಭಯ್ಯನ ಅಳತೆಯನ್ನಾಗಲಿ ಒಂದು ದಿನವೂ ನಂಬಿದವಳಲ್ಲ. ಈ ಗುಣ ನನಗೆ ಉಪಯೋಗಕ್ಕೆ ಬಂದದ್ದು ಒಂದೇ ಕಡೆ, ವಾರಪತ್ರಿಕೆಯ ಒಗಟು ಲೆಕ್ಕಗಳಲ್ಲಿ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಫೋರ್ಟಿನ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ವಡಾಲದಲ್ಲಿ ಲೋಕಲ್ ರೈಲು ಹತ್ತಿದರೆ ಇಳಿಯುವಷ್ಟರಲ್ಲಿ ಒಂದು ಲೆಕ್ಕ ಬಿಡಿಸಿಯೇ ತೀರುತ್ತಿದ್ದೆ. ಕೂಡುವುದು, ಕಳೆಯುವುದು ಯಾರಿಗೂ ಬರುತ್ತದೆ; ಮೋಸ ಇರುವುದು ಮಾತಿನಲ್ಲಿ. ಬುಟ್ಟಿಯ ಹನ್ನೆರಡು ಮಾವಿನಹಣ್ಣಿನಲ್ಲಿ ನೀನು ನಾಲ್ಕು ತೆಗೆದುಕೊಂಡರೆ ನಿನ್ನ ಹತ್ತಿರ ಎಷ್ಟು ಎಂದು ಕೇಳಿದರೆ ಅವಸರದವರು ಎಂಟು ಎನ್ನುತ್ತಾರೆ. ಕೇಳಿದ್ದು ಬುಟ್ಟಿಯ ಹಣ್ಣನ್ನೋ ನನ್ನ ಕೈಯ ಹಣ್ಣನ್ನೋ ಎಂದು ನಾನು ಮೊದಲು ನೋಡುತ್ತಿದ್ದೆ.

ಆ ದಿನಗಳಲ್ಲೇ ಬೊರಿವಲಿಯಿಂದ ಒಂದು ಸಂಬಂಧ ಬಂತು. ತಂದವರು, ನನ್ನ ಅಪ್ಪ ಮ್ಯಾನೇಜರ್ ಆಗಿದ್ದ ಹೋಟೆಲಿಗೆ ದಿನಾ ಚಹಾಕ್ಕೆ ಬರುತ್ತಿದ್ದ ನಮ್ಮ ಊರಿನವರೊಬ್ಬರು. "ಎರಡೇ ಗಂಡುಮಕ್ಕಳು. ಹುಡುಗ ದೊಡ್ಡವ, ಬ್ಯಾಂಕಿನಲ್ಲಿದ್ದಾನೆ. ತಮ್ಮ ಮೂರು ವರ್ಷ ಸಣ್ಣವ, ಸೂರತ್ತಿನಲ್ಲಿ. ನಾದಿನಿಯ ಕಾಟ ಇಲ್ಲ, ಮತ್ತೆಂತ ಬೇಕು?" ಅಂದರು. ಅಷ್ಟು ಚೊಕ್ಕವಾಗಿ ಹೇಳಿದ್ದೇ ನನಗೆ ಹಿಡಿಸಲಿಲ್ಲ. ಅಪ್ಪನಂತೂ ಆಗಲೇ ಕಲ್ಯಾಣಮಂಟಪ ವಿಚಾರಿಸಲು ಶುರು ಮಾಡಿದ್ದರು.

ಭಾನುವಾರ ಹುಡುಗ, ಅವನ ಅಪ್ಪ, ಅಮ್ಮ ಮೂವರೂ ನಮ್ಮ ಮನೆಗೆ ಬಂದರು. ಹುಡುಗ ಮಿತಭಾಷಿ, ನೋಡಲು ಲಕ್ಷಣವಾಗಿದ್ದ. ಸುಳ್ಳೇಕೆ ಹೇಳಲಿ, ನನಗೆ ಇಷ್ಟವೇ ಆದ. ಸಜ್ಜಿಗೆ ತಿನ್ನುತ್ತಿದ್ದ ಅವನ ಅಪ್ಪ ನನ್ನ ಕಡೆ ತಿರುಗಿದರು. ಅವರು ನಿವೃತ್ತ ಗಣಿತದ ಮಾಸ್ತರರು.

"ನಿನಗೆ ಲೆಕ್ಕದ ಹುಚ್ಚು ಉಂಟಂತೆ, ಮಗಾ. ಒಂದು ಕೇಳ್ಲಾ? ನನ್ನ ದೊಡ್ಡ ಮಗನಿಗೆ ಇಪ್ಪತ್ತೊಂಬತ್ತು. ಅವನ ನಂತರದವರು ಒಬ್ಬರಿಗಿಂತ ಒಬ್ಬರು ಮೂರು ಮೂರು ವರ್ಷ ಸಣ್ಣ. ನನ್ನ ಮಕ್ಕಳ ವಯಸ್ಸೆಲ್ಲ ಇವತ್ತಿಗೆ ಕೂಡಿಸಿದ್ರೆ ಎಪ್ಪತ್ತೆಂಟು. ಹಾಗಾದ್ರೆ ಎಲ್ಲರಿಗಿಂತ ಸಣ್ಣದಕ್ಕೆ ಎಷ್ಟು?"

"ಅಪ್ಪಾ, ಲೆಕ್ಕ ಸಾಕು," ಅಂದ ಹುಡುಗ, ತಟ್ಟೆಯಿಂದ ತಲೆಯೆತ್ತದೆ.

ಆ 'ಸಾಕು' ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ಇಪ್ಪತ್ತೊಂಬತ್ತಕ್ಕೆ ಇಪ್ಪತ್ತಾರು ಕೂಡಿಸಿದರೆ ಐವತ್ತೈದು. ಎಪ್ಪತ್ತೆಂಟಕ್ಕೆ ಇನ್ನೂ ಇಪ್ಪತ್ತಮೂರು ಬೇಕು. ಇಪ್ಪತ್ತಾರರಲ್ಲಿ ಮೂರು ಕಳೆದರೂ ಸರಿಯಾಗಿ ಅಷ್ಟೇ. ಅಂದರೆ ಮಕ್ಕಳು ಇಬ್ಬರಲ್ಲ, ಮೂವರು. ತೀರಿಹೋದ ಮಗು ಇರಬಹುದೇ? ಆದರೆ ಅವರು 'ಇವತ್ತಿಗೆ' ಅಂದಿದ್ದರು. ತೀರಿಹೋದವರಿಗೆ ವಯಸ್ಸು ಏರುವುದಿಲ್ಲ. ಮತ್ತೆ, ಗಂಡುಮಕ್ಕಳು ಅನ್ನಲಿಲ್ಲ, ಬರೇ ಮಕ್ಕಳು ಅಂದಿದ್ದರು.

"ಇಪ್ಪತ್ತಮೂರು," ಅಂದೆ.

"ಇವರಿಗೆ ಈಗೀಗ ಲೆಕ್ಕ ತಪ್ಪುತ್ತದೆ," ಎಂದು ಹುಡುಗನ ತಾಯಿ ನಕ್ಕರು. ನಗುವಾಗ ಅವರು ದುರುಗುಟ್ಟಿ ನೋಡಿದ್ದು ಗಂಡನನ್ನು. ಏನೂ ತಿಳಿಯದ ನನ್ನ ಅಪ್ಪ ತಾವೂ ನಕ್ಕರು.

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ನಮ್ಮಿಬ್ಬರನ್ನು ಗ್ಯಾಲರಿಗೆ ಕಳಿಸಿದರು. ನನ್ನ ತಲೆಯಲ್ಲಿ ಇಲ್ಲಸಲ್ಲದ್ದೆಲ್ಲ ಓಡುತ್ತಿತ್ತು. ಕಾಯಿಲೆಯವರೋ, ಜೈಲಿನಲ್ಲಿರುವವರೋ, ಯಾರನ್ನು ಬಚ್ಚಿಟ್ಟು ನನ್ನನ್ನು ಕರೆದೊಯ್ಯಲು ಬಂದಿದ್ದಾರೆ ಇವರು? ನೇರವಾಗಿ ಕೇಳಿಯೇಬಿಟ್ಟೆ.

"ಇಪ್ಪತ್ತಮೂರು ವರ್ಷದವರು ಯಾರು?"

ಅವನು ಗ್ಯಾಲರಿಯ ಕಟಕಟೆ ಹಿಡಿದು ಬೀದಿಯ ಕಡೆ ತಿರುಗಿದ. "ತಂಗಿ. ಕುರ್ಲಾದ ಒಬ್ಬನನ್ನು ಮದುವೆಯಾಗಿ ಹೋದಳು. ಜಾತಿ ಬೇರೆ. ನಮ್ಮ ಪಾಲಿಗೆ ಅವಳು ಇಲ್ಲ."

"ನೀವು ಹೋಗಿ ನೋಡ್ಲಿಲ್ವಾ?"

"ಯಾಕೆ ನೋಡ್ಬೇಕು?" ಎಂದ. ನನ್ನ ಪ್ರಶ್ನೆ ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಇದನ್ನು ನನಗೆ ಯಾವಾಗ ಹೇಳುವವರಿದ್ದಿರಿ?"

"ಮದುವೆ ಆದ ಮೇಲೆ ಹೇಗೂ ಗೊತ್ತಾಗ್ತಿತ್ತಲ್ಲ."

ನನಗೆ ಮೈಯೆಲ್ಲ ಉರಿಯಿತು. ಉರಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಜೊತೆಗೆ ಆಡಿ ಬೆಳೆದ ತಂಗಿಯನ್ನೇ ಇಲ್ಲ ಅನ್ನುವವನಿಗೆ, ನಾಳೆ ಏನೋ ಒಂದು ಹಿಡಿಸದೆ ಹೋದರೆ ನಾನು ಯಾವ ಲೆಕ್ಕ?

ಹೊರಡುವಾಗ ತಾಯಿ, ಮಗ ಮೆಟ್ಟಿಲಿಳಿದರು. ಹುಡುಗನ ಅಪ್ಪ ಚಪ್ಪಲಿ ಮೆಟ್ಟುವ ನೆಪದಲ್ಲಿ ಬಾಗಿಲ ಬಳಿ ಹಿಂದುಳಿದರು.

"ನಿನ್ನ ಉತ್ತರ ಸರಿ ಉಂಟು, ಮಗಾ," ಅಂದರು ಮೆಲ್ಲಗೆ.

"ಬೇಕಂತಲೇ ಕೇಳಿದ್ದಾ ನೀವು?" ನನಗೆ ಅವರ ಮೇಲೂ ಸಂಶಯವೇ.

"ಅವಳ ಹೆಸರು ಎತ್ತಬಾರದು ಅಂತ ಇವರಿಬ್ಬರೂ ನನ್ನಿಂದ ಆಣೆ ಹಾಕಿಸಿದ್ದಾರೆ. ನಾನು ಎತ್ತಲಿಲ್ಲ. ವಯಸ್ಸು ಕೂಡಿಸಬಾರದು ಅಂತ ಅವರು ಹೇಳಿರಲಿಲ್ಲ." ಅವರ ಕಣ್ಣು ತುಂಬಿತ್ತು. ಕೆಳಗಿನಿಂದ ಹೆಂಡತಿ ಕರೆದದ್ದು ಕೇಳಿ ಸರಸರನೆ ಇಳಿದುಹೋದರು.

ಮಗಳಾಗಿ ಬಾ ಅಂದಿದ್ದರೆ ಆ ಮನುಷ್ಯನ ಹಿಂದೆ ಉಟ್ಟ ಸೀರೆಯಲ್ಲೇ ಹೊರಟುಬಿಡುತ್ತಿದ್ದೆ. ಆದರೆ ನಾನು ಬಾಳಬೇಕಾಗಿದ್ದದ್ದು ಮಗನ ಜೊತೆ. ಒಳಗೆ ಬಂದು, "ಈ ಸಂಬಂಧ ಬೇಡಪ್ಪಾ," ಎಂದೆ.